ಸಾಫ್ಟ್ ಪ್ರೊಸೆಸರ್ ಮೇಲೆ ಲಿನಕ್ಸ್: ನೆಟ್‌ವರ್ಕ್ ಡ್ರೈವರ್ ಸೇರಿಸುವುದು ಹೇಗೆ?

ಎಫ್‌ಪಿಜಿಎ (ಒಳಗಿನ ಲಾಜಿಕ್ ನಾವೇ ಕಟ್ಟಿಕೊಳ್ಳಬಹುದಾದ ಚಿಪ್) ಬೋರ್ಡ್ ಮೇಲೆ ಲಿನಕ್ಸ್ ಬೂಟ್ ಆಯಿತು. ಸೀರಿಯಲ್ ಕನ್ಸೋಲ್‌ನಲ್ಲಿ ಲಾಗಿನ್ ಪ್ರಾಂಪ್ಟ್ ಬಂತು. ಖುಷಿಯಿಂದ ‘ಐಪಿ ಲಿಂಕ್’ ಅಂತ ಹೊಡೆದರೆ ಕಾಣುವುದು ‘ಲೋ’ (ಯಂತ್ರ ತನ್ನೊಂದಿಗೇ ಮಾತಾಡುವ ಲೂಪ್‌ಬ್ಯಾಕ್) ಒಂದೇ. ಕೇಬಲ್ ಹಾಕಿದ್ದೀರಿ, ಕನೆಕ್ಟರ್‌ನ ದೀಪವೂ ಮಿನುಗುತ್ತಿದೆ, ಆದರೆ ಕರ್ನಲ್‌ಗೆ ಮಾತ್ರ ಈಥರ್ನೆಟ್ ಇರುವುದೇ ಗೊತ್ತಿಲ್ಲ. ಅಲ್ಲಿಂದ ಹೊರಟು ಪಿಂಗ್‌ಗೆ ಉತ್ತರ ಬರುವವರೆಗೆ ಹೋಗುವ ದಾರಿ ಈ ಲೇಖನದಲ್ಲಿದೆ. ಸಿ ಭಾಷೆ ಬರುತ್ತದೆ, ಕರ್ನಲ್ ಕಂಪೈಲ್ ಮಾಡಿ ಅಭ್ಯಾಸವಿದೆ ಅಂದುಕೊಂಡು ಬರೆಯುತ್ತಿದ್ದೇನೆ. ಫಂಕ್ಷನ್ ಹೆಸರುಗಳನ್ನು ಬಾಯಲ್ಲಿ ಹೇಳುವ ಹಾಗೇ ಬರೆದಿದ್ದೇನೆ.

ಸಾಫ್ಟ್ ಪ್ರೊಸೆಸರ್ ಎಂದರೆ ಬೇರೆ ಚಿಪ್ ಅಲ್ಲ. ಎಫ್‌ಪಿಜಿಎ ಒಳಗಿನ ಲಾಜಿಕ್‌ನಲ್ಲೇ ಕಟ್ಟಿದ ಪ್ರೊಸೆಸರ್. ಮೈಕ್ರೋಬ್ಲೇಜ್, ನಿಯೋಸ್ 2, ಓಪನ್‌ರಿಸ್ಕ್, ರಿಸ್ಕ್-ಫೈವ್ ಬಳಗದ ವೆಕ್ಸ್‌ರಿಸ್ಕ್‌ವಿ ಇವೆಲ್ಲ ಈ ಜಾತಿಯವು. ಇಲ್ಲಿ ಒಂದು ಪೇಚು ಇದೆ. ಮಾರುಕಟ್ಟೆಯಿಂದ ತಂದ ಚಿಪ್‌ಗೆ ಡ್ರೈವರ್ ಬರೆಯುವಾಗ ತಪ್ಪು ನಮ್ಮ ಕೋಡ್‌ನಲ್ಲೇ ಇದೆ ಎಂದು ಹೆಚ್ಚುಕಡಿಮೆ ಧೈರ್ಯವಾಗಿ ಹೇಳಬಹುದು. ಇಲ್ಲಿ ಹಾಗಲ್ಲ. ಹಾರ್ಡ್‌ವೇರ್ ಕೂಡ ನೆನ್ನೆ ಸಂಜೆ ನೀವೋ ನಿಮ್ಮ ಪಕ್ಕದವರೋ ಕಟ್ಟಿದ್ದು. ಪ್ಯಾಕೆಟ್ ಬರಲಿಲ್ಲ ಎಂದರೆ ಬಿಟ್‌ಸ್ಟ್ರೀಮ್ (ಎಫ್‌ಪಿಜಿಎಗೆ ತುಂಬುವ ಹಾರ್ಡ್‌ವೇರ್ ವಿನ್ಯಾಸದ ಕಡತ), ಡಿವೈಸ್ ಟ್ರೀ (ಯಾವ ಹಾರ್ಡ್‌ವೇರ್ ಎಲ್ಲಿದೆ ಎಂದು ಕರ್ನಲ್‌ಗೆ ಹೇಳುವ ಕಡತ), ಡ್ರೈವರ್ ಮೂರರ ಮೇಲೂ ಅನುಮಾನ. ಮೂರನ್ನೂ ಒಟ್ಟಿಗೆ ಬದಲಿಸುತ್ತಾ ಕುಳಿತರೆ ವಾರಗಳು ಹೋಗುತ್ತವೆ. ಹಾಗಾಗಿ ನನ್ನದು ಒಂದೇ ಹಟ: ಪ್ರತಿ ಮೆಟ್ಟಿಲಿನಲ್ಲೂ ಒಂದು ಸಾಕ್ಷಿ ಕೈಯಲ್ಲಿ ಹಿಡಿದ ಮೇಲೆಯೇ ಮುಂದಿನ ಮೆಟ್ಟಿಲು.

1. ನಿಜವಾಗಿ ಬರೆಯಬೇಕಾ, ನೋಡಿ

ಡ್ರೈವರ್ ನಂಟು ಪ್ರೊಸೆಸರ್ ಜೊತೆಗಲ್ಲ, ಈಥರ್ನೆಟ್ ಮ್ಯಾಕ್ (ಫ್ರೇಮ್ ಕಳಿಸುವ, ಪಡೆಯುವ ಹಾರ್ಡ್‌ವೇರ್ ಬ್ಲಾಕ್) ಜೊತೆಗೆ. ಪ್ರೊಸೆಸರ್ ಹೊಸದಾಗಿದ್ದರೂ ಮ್ಯಾಕ್ ಬ್ಲಾಕ್ ಹಳೆಯದೇ ಇರಬಹುದು. ಕರ್ನಲ್ ಮೂಲದಲ್ಲಿ ಡ್ರೈವರ್ಸ್, ನೆಟ್, ಈಥರ್ನೆಟ್ ಎಂಬ ಫೋಲ್ಡರ್ ತೆರೆಯಿರಿ. ಸೈಲಿಂಕ್ಸ್ ಕೆಳಗೆ ಈಮ್ಯಾಕ್‌ಲೈಟ್ ಮತ್ತು ಆಕ್ಸಿಈನೆಟ್ ಇವೆ. ಆಲ್ಟೆರಾ ಕೆಳಗೆ ಟ್ರಿಪಲ್ ಸ್ಪೀಡ್ ಈಥರ್ನೆಟ್ ಇದೆ. ಓಪನ್‌ಕೋರ್ಸ್‌ನ 10/100 ಮ್ಯಾಕ್‌ಗೆ ‘ಎಥೋಕ್’ ಇದೆ. ಲೈಟ್‌ಎಕ್ಸ್ ಬಳಸಿ ಕಟ್ಟಿದ ವ್ಯವಸ್ಥೆಗೆ ‘ಲೈಟ್‌ಎಥ್’ ಇದೆ, 2021ರ 5.15 ಕರ್ನಲ್‌ನಲ್ಲಿ ಸೇರಿದ್ದು. ಸ್ಪಾರ್ಕ್ ಬಳಗದ ಲಿಯಾನ್ ಪ್ರೊಸೆಸರ್‌ಗಳ ಜೊತೆ ಬರುವ ಮ್ಯಾಕ್‌ಗೆ ‘ಗ್ರೆತ್’.

ನಿಮ್ಮ ಮ್ಯಾಕ್‌ನ ರಿಜಿಸ್ಟರ್ ಪಟ್ಟಿ ಇವುಗಳಲ್ಲಿ ಒಂದಕ್ಕೆ ಹೊಂದಿದರೆ ಕೆಲಸ ಮುಕ್ಕಾಲು ಮುಗಿಯಿತು. ಡಿವೈಸ್ ಟ್ರೀಯಲ್ಲಿ ಸರಿಯಾದ ‘ಕಂಪ್ಯಾಟಿಬಲ್’ ಹೆಸರು ಬರೆದರೆ ಸಾಕು. ಸಣ್ಣಪುಟ್ಟ ವ್ಯತ್ಯಾಸ ಇದ್ದರೆ ಡ್ರೈವರ್‌ನ ಹೊಂದಾಣಿಕೆ ಪಟ್ಟಿಗೆ ಒಂದು ಸಾಲು ಸೇರಿಸಿ, ಆ ವ್ಯತ್ಯಾಸವನ್ನು ಅಲ್ಲೇ ನಿಭಾಯಿಸಿ. ಹೊಸ ಡ್ರೈವರ್ ಬರೆಯುವ ಆಸೆ ಎಲ್ಲರಿಗೂ ಇರುತ್ತದೆ, ನನಗೂ ಇತ್ತು. ಆದರೆ ನೂರು ಜನ ಬಳಸಿ ಹದ ಮಾಡಿದ ಕೋಡ್ ಬಿಟ್ಟು ಹೊಸದು ಬರೆಯಲು ಗಟ್ಟಿ ಕಾರಣ ಬೇಕು.

ಡ್ರೈವರ್ ಇದೆ, ಆದರೆ ಮೆನುಕಾನ್ಫಿಗ್‌ನಲ್ಲಿ ಕಾಣುತ್ತಿಲ್ಲ ಎನ್ನುವ ಗೋಳು ಬಹಳ ಸಾಮಾನ್ಯ. ಮೊದಲು ಆ ಕಂಪನಿಯ ಮೇಲ್ಮೆನು ಆನ್ ಆಗಿದೆಯಾ ನೋಡಿ. ಆಮೇಲೆ ಕೆ-ಕಾನ್ಫಿಗ್ ಕಡತದಲ್ಲಿ ‘ಡಿಪೆಂಡ್ಸ್ ಆನ್’ ಸಾಲು ಓದಿ. ಡ್ರೈವರ್ ಬರೆದವರು ತಮ್ಮ ಪ್ರೊಸೆಸರ್ ಹೆಸರು ಮಾತ್ರ ಅಲ್ಲಿ ಹಾಕಿದ್ದರೆ ನಿಮ್ಮದು ಹೊರಗೇ ಉಳಿಯುತ್ತದೆ. ಮೆನುಕಾನ್ಫಿಗ್ ಒಳಗೆ ಸ್ಲ್ಯಾಶ್ ಒತ್ತಿ ಹುಡುಕಿದರೆ ಯಾವ ಷರತ್ತು ಅಡ್ಡ ಬಂದಿದೆ ಎಂದು ಅದೇ ತೋರಿಸುತ್ತದೆ. ಎಷ್ಟೋ ಸಲ ‘ಡ್ರೈವರ್ ಬೆಂಬಲ ಸೇರಿಸುವುದು’ ಎಂದರೆ ಈ ಒಂದು ಸಾಲಿನ ತಿದ್ದುಪಡಿ ಅಷ್ಟೇ.

2. ಡ್ರೈವರ್ ಇಲ್ಲದೆ ಹಾರ್ಡ್‌ವೇರ್ ಮಾತಾಡಿಸಿ

ಒಂದು ಸಾಲು ಕೋಡ್ ಬರೆಯುವ ಮೊದಲು ರಿಜಿಸ್ಟರ್‌ಗಳನ್ನು ಕೈಯಾರೆ ಓದಿ. ಯು-ಬೂಟ್ ಪ್ರಾಂಪ್ಟ್‌ನಲ್ಲಿ ಮೆಮೊರಿ ಓದುವ ಆಜ್ಞೆ ಇದೆ. ಲಿನಕ್ಸ್ ಬೂಟ್ ಆಗಿದ್ದರೆ ಬ್ಯುಸಿಬಾಕ್ಸ್‌ನ ‘ಡೆವ್‌ಮೆಮ್’ ಸಾಕು. ಮ್ಯಾಕ್‌ನ ಗುರುತಿನ ರಿಜಿಸ್ಟರ್ ಇದ್ದರೆ ಅದನ್ನು ಓದಿ, ಇಲ್ಲದಿದ್ದರೆ ಬರೆದು ಮತ್ತೆ ಓದಬಹುದಾದ ಯಾವುದಾದರೂ ರಿಜಿಸ್ಟರ್ ಹಿಡಿಯಿರಿ. ಓದುವಾಗ ಇಡೀ ಬೋರ್ಡ್ ಮರಗಟ್ಟಿದರೆ ಆ ವಿಳಾಸದಲ್ಲಿ ಉತ್ತರ ಕೊಡುವವರು ಯಾರೂ ಇಲ್ಲ ಎಂದರ್ಥ. ವಿಳಾಸ ತಪ್ಪಿರಬೇಕು, ಅಥವಾ ಆ ಬ್ಲಾಕ್‌ಗೆ ಕ್ಲಾಕ್ ತಲುಪುತ್ತಿಲ್ಲ, ಅಥವಾ ರಿಸೆಟ್ ಬಿಟ್ಟಿಲ್ಲ.

ಬೆಲೆ ಬಂತು, ಆದರೆ ತಿರುಗಮುರುಗ ಬಂತು. 12345678 ಬರಬೇಕಾದ ಕಡೆ 78563412 ಕಂಡರೆ ಅದನ್ನು ಬರೆದಿಟ್ಟುಕೊಳ್ಳಿ, ಬೈಟ್ ಕ್ರಮದ ಕತೆ ಮುಂದೆ ಬರುತ್ತದೆ.

ಆಮೇಲೆ ಎಂಡಿಐಒ (ಫೈ ರಿಜಿಸ್ಟರ್ ಓದಿ ಬರೆಯುವ ಪುಟ್ಟ ಸೀರಿಯಲ್ ಬಸ್) ಮೂಲಕ ಫೈ ಚಿಪ್, ಅಂದರೆ ಮ್ಯಾಕ್ ಮತ್ತು ಕೇಬಲ್ ನಡುವಿನ ಚಿಪ್, ಮಾತಾಡಿಸಿ. ಅದರ 2 ಮತ್ತು 3ನೇ ರಿಜಿಸ್ಟರ್‌ಗಳಲ್ಲಿ ಫೈ ಗುರುತಿನ ಸಂಖ್ಯೆ ಇರುತ್ತದೆ. ಎಲ್ಲ ಬಿಟ್‌ಗಳೂ 1 ಆಗಿ ಬಂದರೆ ಆ ವಿಳಾಸದಲ್ಲಿ ಫೈ ಇಲ್ಲ. 0ಯಿಂದ 31ರವರೆಗೆ 32 ವಿಳಾಸಗಳು ಮಾತ್ರ ಇರುವುದು, ಎಲ್ಲವನ್ನೂ ಒಮ್ಮೆ ಓದಿ ನೋಡಿ. ಎಂಡಿಐಒ ಕ್ಲಾಕ್ 2.5 ಮೆಗಾಹರ್ಟ್ಜ್ ದಾಟಬಾರದು ಎನ್ನುವುದು ಮಾನದಂಡ. ಪ್ರೊಸೆಸರ್ ಕ್ಲಾಕ್ ಜಾಸ್ತಿ ಮಾಡಿ ಈ ಭಾಜಕವನ್ನು ಬದಲಿಸಲು ಮರೆತರೆ ಫೈ ಒಮ್ಮೆ ಉತ್ತರ ಕೊಡುತ್ತದೆ, ಒಮ್ಮೆ ಇಲ್ಲ.

ಒಂದು ಸಣ್ಣ ಉಪಾಯ: ಬಿಟ್‌ಸ್ಟ್ರೀಮ್‌ನಲ್ಲಿ ಓದಲು ಮಾತ್ರ ಸಾಧ್ಯವಿರುವ ಒಂದು ರಿಜಿಸ್ಟರ್ ಇಟ್ಟು ಅದರಲ್ಲಿ ಬಿಲ್ಡ್ ಸಂಖ್ಯೆ ತುಂಬಿ. ಹಳೆಯ ಬಿಟ್‌ಸ್ಟ್ರೀಮ್ ಲೋಡ್ ಆಗಿದೆ ಎಂದು ತಿಳಿಯದೆ ಡ್ರೈವರ್ ತಿದ್ದುತ್ತಾ ಕಳೆದ ಸಂಜೆಗಳು ನನ್ನ ಲೆಕ್ಕದಲ್ಲಿ ಬೇಕಾದಷ್ಟಿವೆ.

3. ಡಿವೈಸ್ ಟ್ರೀ

ಪ್ರೊಸೆಸರ್‌ಗೆ ಈ ಬ್ಲಾಕ್‌ಗಳನ್ನು ಜೋಡಿಸುವ ಬಸ್‌ಗಳ ಮೇಲೆ ‘ನಾನಿದ್ದೇನೆ’ ಎಂದು ತಾನಾಗಿ ಹೇಳಿಕೊಳ್ಳುವ ವ್ಯವಸ್ಥೆ ಇಲ್ಲ. ಪಿಸಿಐ ಥರ ಹುಡುಕಲು ಆಗುವುದಿಲ್ಲ. ಎಲ್ಲವನ್ನೂ ಡಿವೈಸ್ ಟ್ರೀಯೇ ಹೇಳಬೇಕು. ಈಥರ್ನೆಟ್ ನೋಡ್‌ನಲ್ಲಿ ಇರಬೇಕಾದದ್ದು: ಕಂಪ್ಯಾಟಿಬಲ್ ಹೆಸರು, ‘ರೆಗ್’ನಲ್ಲಿ ವಿಳಾಸ ಮತ್ತು ಅಳತೆ, ಇಂಟರಪ್ಟ್ ಸಂಖ್ಯೆ ಮತ್ತು ಅದರ ಬಗೆ, ‘ಫೈ-ಮೋಡ್’, ‘ಫೈ-ಹ್ಯಾಂಡಲ್’, ಮ್ಯಾಕ್ ವಿಳಾಸ. ಫೈ ಇಲ್ಲದೆ ನೇರವಾಗಿ ಸ್ವಿಚ್ ಚಿಪ್‌ಗೆ ಸೇರಿಸಿದ್ದರೆ ‘ಫಿಕ್ಸ್ಡ್-ಲಿಂಕ್’ ಎಂಬ ಒಳನೋಡ್ ಬರೆದು ವೇಗವನ್ನು ಅಲ್ಲೇ ಹೇಳಿಬಿಡಬಹುದು.

ಇದನ್ನು ಕೈಯಲ್ಲಿ ಬರೆಯಬೇಡಿ. ಲೈಟ್‌ಎಕ್ಸ್ ಆಗಲಿ, ಸೈಲಿಂಕ್ಸ್ ಉಪಕರಣಗಳಾಗಲಿ ಹಾರ್ಡ್‌ವೇರ್ ವಿವರಣೆಯಿಂದ ಡಿವೈಸ್ ಟ್ರೀ ಹುಟ್ಟಿಸುವ ಸ್ಕ್ರಿಪ್ಟ್ ಕೊಡುತ್ತವೆ. ಬಿಟ್‌ಸ್ಟ್ರೀಮ್ ಕಟ್ಟಿದಾಗಲೆಲ್ಲ ಡಿವೈಸ್ ಟ್ರೀಯೂ ಅದೇ ಬಿಲ್ಡ್‌ನಲ್ಲಿ ಹುಟ್ಟುವ ಹಾಗೆ ಮಾಡಿ. ಒಂದು ಬ್ಲಾಕ್ ಹೆಚ್ಚಿಗೆ ಸೇರಿಸಿದರೆ ಸಾಕು, ಇಂಟರಪ್ಟ್ ಸಂಖ್ಯೆಗಳು ಸದ್ದಿಲ್ಲದೆ ಒಂದು ಸ್ಥಾನ ಜರುಗಿರುತ್ತವೆ.

ಮ್ಯಾಕ್ ವಿಳಾಸದ ಬಗ್ಗೆ ಒಂದು ಮಾತು. ಒಂದೇ ಡಿವೈಸ್ ಟ್ರೀ ಕಡತವನ್ನು ಎರಡು ಬೋರ್ಡ್‌ಗೆ ಹಾಕಿ, ಎರಡನ್ನೂ ಒಂದೇ ಸ್ವಿಚ್‌ಗೆ ಸಿಕ್ಕಿಸಿ, ಪಿಂಗ್ ಅರ್ಧ ಬಂದು ಅರ್ಧ ಹೋಗುವುದನ್ನು ನೋಡಿ ಡ್ರೈವರ್‌ನಲ್ಲಿ ದೋಷ ಹುಡುಕಿದವನು ನಾನು. ಎರಡು ಬೋರ್ಡ್‌ಗೂ ವಿಳಾಸ ಒಂದೇ ಆಗಿತ್ತು. ವಿಳಾಸ ಸಿಗದಿದ್ದರೆ ಡ್ರೈವರ್ ತಾನೇ ಯಾದೃಚ್ಛಿಕ ವಿಳಾಸ ಇಟ್ಟುಕೊಳ್ಳಲಿ. ಅದಕ್ಕೆ ‘ಎಥ್_ಎಚ್‌ಡಬ್ಲ್ಯೂ_ಆಡ್ರ್_ರ್‍ಯಾಂಡಮ್’ ಇದೆ.

ಈ ಮೆಟ್ಟಿಲಿನ ಸಾಕ್ಷಿ: ಸಿಸ್-ಎಫ್‌ಎಸ್‌ನಲ್ಲಿ ಪ್ಲಾಟ್‌ಫಾರ್ಮ್ ಬಸ್‌ನ ಡಿವೈಸ್ ಪಟ್ಟಿಯಲ್ಲಿ ನಿಮ್ಮ ನೋಡ್ ಕಾಣಬೇಕು. ಡ್ರೈವರ್ ಇಲ್ಲದಿದ್ದರೂ ಅದು ಅಲ್ಲಿರುತ್ತದೆ.

4. ಡ್ರೈವರ್‌ನ ಅಸ್ಥಿಪಂಜರ

ಹೊಸದಾಗಿ ಬರೆಯಲೇಬೇಕಾಗಿ ಬಂದರೆ ಮೊದಲು ಲೈಟ್‌ಎಥ್ ಓದಿ, ಅದು ಕೆಲವೇ ನೂರು ಸಾಲು. ಆಮೇಲೆ ಈಮ್ಯಾಕ್‌ಲೈಟ್. ದೊಡ್ಡ ಡ್ರೈವರ್‌ಗಳಿಂದ ಶುರು ಮಾಡಿದರೆ ಕಾಡಿನಲ್ಲಿ ದಾರಿ ತಪ್ಪಿದ ಹಾಗಾಗುತ್ತದೆ.

ಪ್ರೋಬ್ ಫಂಕ್ಷನ್‌ನಲ್ಲಿ ಕೆಲಸದ ಕ್ರಮ ಹೀಗಿರಲಿ. ‘ಡೆವ್‌ಎಂ_ಅಲಾಕ್_ಈಥರ್‌ಡೆವ್’ ಕರೆದು ನೆಟ್ ಡಿವೈಸ್ ಪಡೆಯಿರಿ. ರಿಜಿಸ್ಟರ್ ಜಾಗವನ್ನು ಮ್ಯಾಪ್ ಮಾಡಿ. ಇಂಟರಪ್ಟ್ ಸಂಖ್ಯೆ ಪಡೆಯಿರಿ. ಮ್ಯಾಕ್ ವಿಳಾಸ ಓದಿ. ಹಾರ್ಡ್‌ವೇರ್ ರಿಸೆಟ್ ಮಾಡಿ, ಅದರ ಇಂಟರಪ್ಟ್‌ಗಳನ್ನು ಮುಚ್ಚಿ. ನಾಪಿ (ಪ್ರತಿ ಪ್ಯಾಕೆಟ್‌ಗೂ ಇಂಟರಪ್ಟ್ ಬದಲು ಒಟ್ಟಿಗೆ ಎತ್ತಿಕೊಳ್ಳುವ ಕರ್ನಲ್ ವ್ಯವಸ್ಥೆ) ಸೇರಿಸಿ. ಕಟ್ಟಕಡೆಗೆ ‘ರಿಜಿಸ್ಟರ್_ನೆಟ್‌ಡೆವ್’. ಇದು ಕಟ್ಟಕಡೆಗೇ ಬರಬೇಕು. ಅದು ಹಿಂತಿರುಗುವ ಮೊದಲೇ ಯಾರಾದರೂ ಇಂಟರ್‌ಫೇಸ್ ತೆರೆಯಬಹುದು, ಆಗ ಅರೆಬೆಂದ ಡ್ರೈವರ್ ಸಿಕ್ಕಿಬೀಳುತ್ತದೆ.

ನಾಪಿ ಸೇರಿಸುವ ‘ನೆಟಿಫ್_ನಾಪಿ_ಆಡ್’ ಮೊದಲು ನಾಲ್ಕು ಆರ್ಗ್ಯುಮೆಂಟ್ ಕೇಳುತ್ತಿತ್ತು. 6.1ರಿಂದ ಮೂರೇ. ಹಳೆಯ ಕೋಡ್ ನೋಡಿ ನಕಲು ಮಾಡಿದರೆ ಕಂಪೈಲರ್ ಇಲ್ಲೇ ತಕರಾರು ತೆಗೆಯುತ್ತದೆ.

ಇಂಟರಪ್ಟ್ ಕೇಳಿಕೊಳ್ಳುವುದು, ಫೈ ಶುರು ಮಾಡುವುದು, ನಾಪಿ ಆನ್ ಮಾಡುವುದು, ಕ್ಯೂ ತೆರೆಯುವುದು ಇವೆಲ್ಲ ‘ಓಪನ್’ನಲ್ಲಿ. ‘ಸ್ಟಾಪ್’ನಲ್ಲಿ ಅವೇ ಕೆಲಸ ಹಿಮ್ಮುಖವಾಗಿ. ಇಂಟರ್‌ಫೇಸನ್ನು ನೂರು ಸಲ ಅಪ್-ಡೌನ್ ಮಾಡುವ ಪುಟ್ಟ ಸ್ಕ್ರಿಪ್ಟ್ ಓಡಿಸಿ. ಇಲ್ಲಿ ಬೀಳದ ಡ್ರೈವರ್ ಮುಂದೆ ಬಹಳ ಕಡೆ ಬೀಳುವುದಿಲ್ಲ.

5. ಕಳಿಸುವುದು

ಮೊದಲ ಸಲ ಡಿಎಂಎ (ಪ್ರೊಸೆಸರ್ ಇಲ್ಲದೆ ಹಾರ್ಡ್‌ವೇರ್ ತಾನೇ ಮೆಮೊರಿ ಓದಿ ಬರೆಯುವುದು) ಬೇಡ, ಹಾರ್ಡ್‌ವೇರ್ ಬಿಟ್ಟರೆ ಪ್ರೊಸೆಸರ್‌ನಿಂದಲೇ ನಕಲು ಮಾಡಿಸಿ. ಈಮ್ಯಾಕ್‌ಲೈಟ್‌ನಲ್ಲಿ ಕಳಿಸಲು ‘ಪಿಂಗ್’, ‘ಪಾಂಗ್’ ಎಂಬ ಎರಡು ಬಫರ್ ಇರಬಹುದು, ಒಂದಕ್ಕೊಂದು 2 ಕಿಲೋಬೈಟ್ ದೂರದಲ್ಲಿ. ಪ್ಯಾಕೆಟ್ ತುಂಬಿ, ಉದ್ದ ಬರೆದು, ಒಂದು ಬಿಟ್ ಏರಿಸಿದರೆ ಹೊರಟಿತು. ಇಷ್ಟು ಸರಳವಾದ ಮ್ಯಾಕ್ ಮೇಲೆ ಕಲಿತರೆ ತಪ್ಪು ಬೇಗ ಸಿಗುತ್ತದೆ.

‘ಸ್ಟಾರ್ಟ್_ಎಕ್ಸ್‌ಮಿಟ್’ ಬರೆಯುವಾಗ ಎರಡು ವಿಷಯ. ಪ್ಯಾಕೆಟ್ 60 ಬೈಟ್‌ಗಿಂತ ಚಿಕ್ಕದಿದ್ದರೆ, ಹಾರ್ಡ್‌ವೇರ್ ತಾನೇ ತುಂಬದಿದ್ದರೆ, ನೀವು ಸೊನ್ನೆ ತುಂಬಿ 60 ಮಾಡಬೇಕು. ಐಪಿ ವಿಳಾಸಕ್ಕೆ ಸೇರಿದ ಮ್ಯಾಕ್ ವಿಳಾಸ ಕೇಳುವ ಎಆರ್‌ಪಿ ಪ್ಯಾಕೆಟ್ 42 ಬೈಟ್ ಮಾತ್ರ, ಹಾಗಾಗಿ ಇದನ್ನು ಮರೆತರೆ ಮೊದಲ ಹೆಜ್ಜೆಯಲ್ಲೇ ಎಡವುತ್ತೀರಿ. ಎರಡನೆಯದು, ಬಫರ್ ತುಂಬಿದ ಮೇಲೆ ‘ಬ್ಯುಸಿ’ ಎಂದು ಹಿಂತಿರುಗಿಸಬೇಡಿ. ಕೊನೆಯ ಜಾಗ ಬಳಸಿದ ಕೂಡಲೇ ‘ನೆಟಿಫ್_ಸ್ಟಾಪ್_ಕ್ಯೂ’ ಕರೆಯಿರಿ, ಜಾಗ ಖಾಲಿಯಾದಾಗ ಎಬ್ಬಿಸಿ. ನಿಲ್ಲಿಸಿದ ಮೇಲೆ ಒಮ್ಮೆ ಮತ್ತೆ ಜಾಗ ಇದೆಯಾ ನೋಡಿ. ನೀವು ನಿಲ್ಲಿಸುವ ಕ್ಷಣದಲ್ಲೇ ಕೊನೆಯ ಪ್ಯಾಕೆಟ್ ಹೊರಟುಹೋಗಿದ್ದರೆ ಕ್ಯೂ ಎಬ್ಬಿಸಲು ಇನ್ನೊಂದು ಇಂಟರಪ್ಟ್ ಬರುವುದೇ ಇಲ್ಲ. ಆಮೇಲೆ ‘ನೆಟ್‌ಡೆವ್ ವಾಚ್‌ಡಾಗ್’ ಎಂಬ ಎಚ್ಚರಿಕೆ ಲಾಗ್‌ನಲ್ಲಿ ಬರುತ್ತದೆ, ಅದೂ ದಿನಕ್ಕೊಂದು ಸಲ, ನೀವು ನೋಡದಿದ್ದಾಗ.

6. ಪಡೆಯುವುದು

ಇಂಟರಪ್ಟ್ ಬಂದಾಗ ಹ್ಯಾಂಡ್ಲರ್ ಮಾಡಬೇಕಾದದ್ದು ಎರಡೇ: ಹಾರ್ಡ್‌ವೇರ್‌ನ ಇಂಟರಪ್ಟ್ ಮುಚ್ಚು, ‘ನಾಪಿ_ಶೆಡ್ಯೂಲ್’ ಕರೆ. ಉಳಿದದ್ದೆಲ್ಲ ಪೋಲ್ ಫಂಕ್ಷನ್‌ನಲ್ಲಿ. ಪೋಲ್‌ಗೆ ಸಾಮಾನ್ಯವಾಗಿ ಒಂದು ಸಲಕ್ಕೆ 64 ಪ್ಯಾಕೆಟ್‌ನ ಬಜೆಟ್ ಸಿಗುತ್ತದೆ. ಅದಕ್ಕಿಂತ ಕಡಿಮೆ ಪ್ಯಾಕೆಟ್ ಸಿಕ್ಕರೆ ಮಾತ್ರ ‘ನಾಪಿ_ಕಂಪ್ಲೀಟ್_ಡನ್’ ಕರೆಯಿರಿ, ಅದು ಹೌದು ಎಂದರೆ ಇಂಟರಪ್ಟ್ ತೆರೆಯಿರಿ.

ಇಲ್ಲಿ ಒಂದು ಕಂಡಿ ಇದೆ. ನಿಮ್ಮ ಇಂಟರಪ್ಟ್ ಲೆವೆಲ್ ಬಗೆಯದಾದರೆ (ಕಾರಣ ಇರುವವರೆಗೂ ಸಿಗ್ನಲ್ ಏರಿಯೇ ಇರುವುದು), ಮುಚ್ಚಿದ್ದಾಗ ಬಂದ ಪ್ಯಾಕೆಟ್ ಇಂಟರಪ್ಟ್ ತೆರೆದ ಕೂಡಲೇ ಮತ್ತೆ ಕೂಗುತ್ತದೆ. ಎಡ್ಜ್ ಬಗೆಯದಾದರೆ (ಸಿಗ್ನಲ್ ಬದಲಾದ ಕ್ಷಣ ಮಾತ್ರ ಕೂಗುವುದು) ಆ ಕೂಗು ಕಳೆದೇಹೋಗುತ್ತದೆ. ಆಗ ತೆರೆದ ಮೇಲೆ ಒಮ್ಮೆ ಸ್ಥಿತಿ ರಿಜಿಸ್ಟರ್ ಓದಿ, ಪ್ಯಾಕೆಟ್ ಇದ್ದರೆ ನಾಪಿಯನ್ನು ಮತ್ತೆ ಕರೆಯಬೇಕು. ಹಾರ್ಡ್‌ವೇರ್ ಬದಲಿಸಲು ನಿಮ್ಮ ಕೈಯಲ್ಲಿ ಆಗುತ್ತದೆ ಎಂದಾದರೆ ಲೆವೆಲ್ ಮಾಡಿಬಿಡಿ. ಸಾಫ್ಟ್ ಪ್ರೊಸೆಸರ್‌ನ ಸುಖ ಇದೇ ಅಲ್ವಾ, ಡ್ರೈವರ್‌ನಲ್ಲಿ ಕಸರತ್ತು ಮಾಡುವ ಬದಲು ಹಾರ್ಡ್‌ವೇರನ್ನೇ ನೆಟ್ಟಗೆ ಮಾಡಬಹುದು.

7. ಬೈಟ್ ಕ್ರಮ, ಅಲೈನ್‌ಮೆಂಟ್, ಕ್ಯಾಶ್

ಪಿಸಿ ಮೇಲೆ ಡ್ರೈವರ್ ಬರೆದವರಿಗೆ ಈ ಮೂರೂ ಕಣ್ಣಿಗೆ ಬಿದ್ದಿರುವುದಿಲ್ಲ. ಸಾಫ್ಟ್ ಪ್ರೊಸೆಸರ್ ಮೇಲೆ ಮೂರೂ ಕಚ್ಚುತ್ತವೆ.

ಬೈಟ್ ಕ್ರಮ: ಓಪನ್‌ರಿಸ್ಕ್ ಬಿಗ್ ಎಂಡಿಯನ್ (ಸಂಖ್ಯೆಯ ದೊಡ್ಡ ತೂಕದ ಬೈಟ್ ಮೊದಲು; ಲಿಟಲ್ ಅದರ ತಿರುವು). ಮೈಕ್ರೋಬ್ಲೇಜ್ ಹಳೆಯ ಪಿಎಲ್‌ಬಿ ಬಸ್ ಜೊತೆ ಬಿಗ್ ಎಂಡಿಯನ್, ಆಕ್ಸಿ ಬಸ್ ಜೊತೆ ಲಿಟಲ್ ಎಂಡಿಯನ್. ಅಂದರೆ ಪ್ರೊಸೆಸರ್ ಹೆಸರು ನೋಡಿ ನಿರ್ಧರಿಸುವ ಹಾಗಿಲ್ಲ. ‘ಐಒರೀಡ್32’ ಹಾರ್ಡ್‌ವೇರ್ ಲಿಟಲ್ ಎಂಡಿಯನ್ ಎಂದುಕೊಂಡು ಓದುತ್ತದೆ, ‘ಐಒರೀಡ್32ಬಿಇ’ ಬಿಗ್ ಎಂದುಕೊಂಡು. ಎಥೋಕ್ ಡ್ರೈವರ್ ಡಿವೈಸ್ ಟ್ರೀಯಲ್ಲಿ ‘ಬಿಗ್-ಎಂಡಿಯನ್’ ಎಂದು ಬರೆದಿದೆಯಾ ನೋಡಿ ಇವೆರಡರಲ್ಲಿ ಒಂದನ್ನು ಆರಿಸಿಕೊಳ್ಳುತ್ತದೆ. ನೀವೂ ಹಾಗೇ ಮಾಡಿ. ರಿಜಿಸ್ಟರ್ ಓದುವ, ಬರೆಯುವ ಎರಡು ಪುಟ್ಟ ಫಂಕ್ಷನ್ ಬರೆದು, ಇಡೀ ಡ್ರೈವರ್ ಅವುಗಳ ಮೂಲಕವೇ ಹೋಗಲಿ. ಪಾಯಿಂಟರ್ ಹಿಡಿದು ನೇರವಾಗಿ ಓದಬೇಡಿ.

ಅಲೈನ್‌ಮೆಂಟ್: ಈಥರ್ನೆಟ್ ತಲೆಬರಹ 14 ಬೈಟ್. ಬಫರ್ 4ರ ಗಡಿಯಲ್ಲಿ ಶುರುವಾದರೆ ಐಪಿ ತಲೆಬರಹ 14ನೇ ಬೈಟ್‌ಗೆ ಬಂದು ಕೂರುತ್ತದೆ. ಅದು 4ರ ಗಡಿಯಲ್ಲ. ಅದರೊಳಗಿನ 32 ಬಿಟ್ ವಿಳಾಸ ಓದಲು ಹೋದಾಗ ಎಷ್ಟೋ ಸಾಫ್ಟ್ ಪ್ರೊಸೆಸರ್‌ಗಳು ಎಕ್ಸೆಪ್ಶನ್ ಎಸೆಯುತ್ತವೆ. ಕರ್ನಲ್ ಅದನ್ನು ಹಿಡಿದು ಸರಿಮಾಡಿದರೂ ಪ್ರತಿ ಓದಿಗೂ ನೂರಾರು ಸೈಕಲ್ ತೆರಬೇಕು. ಹಿಡಿಯದಿದ್ದರೆ ಕರ್ನಲ್ಲೇ ಬಿದ್ದುಹೋಗುತ್ತದೆ. ಔಷಧಿ ಸುಲಭ: ‘ನೆಟ್‌ಡೆವ್_ಅಲಾಕ್_ಎಸ್‌ಕೆಬಿ_ಐಪಿ_ಅಲೈನ್’ ಬಳಸಿ, ಅದು ಮುಂದೆ 2 ಬೈಟ್ ಬಿಟ್ಟು ಶುರುಮಾಡುತ್ತದೆ. ಡಿಎಂಎ ಎಂಜಿನ್‌ಗೆ ಆ 2 ಬೈಟ್ ಜರುಗಿದ ವಿಳಾಸಕ್ಕೆ ಬರೆಯಲು ಬರುತ್ತದೆಯಾ ಎಂದು ಮಾತ್ರ ಮೊದಲು ನೋಡಿ. ಬರದಿದ್ದರೆ ಹಾರ್ಡ್‌ವೇರ್‌ನಲ್ಲಿ ಅದನ್ನು ಸೇರಿಸಿ, ಇಲ್ಲವೇ ನಕಲು ಮಾಡಿಕೊಳ್ಳಿ.

ಕ್ಯಾಶ್: ಇದೇ ನಿಜವಾದ ಮಾಯಾವಿ. ಪಿಸಿಯಲ್ಲಿ ಡಿಎಂಎ ಬರೆದದ್ದು ಪ್ರೊಸೆಸರ್ ಕ್ಯಾಶ್‌ಗೂ ತಿಳಿಯುತ್ತದೆ. ಇಲ್ಲಿ ಬಹುತೇಕ ತಿಳಿಯುವುದಿಲ್ಲ. ಡಿಎಂಎ ಹೊಸ ಪ್ಯಾಕೆಟನ್ನು ಮೆಮೊರಿಗೆ ಬರೆದಿರುತ್ತದೆ, ಪ್ರೊಸೆಸರ್ ತನ್ನ ಕ್ಯಾಶ್‌ನಿಂದ ಹಳೆಯದನ್ನು ಓದಿರುತ್ತದೆ. ಉದ್ದ ಹೊಸದು, ಮೈ ಹಳೆಯದು. ಒಮ್ಮೆ ನನಗೆ ಮಾಮೂಲಿ ಪಿಂಗ್ ಸರಿಯಾಗಿ ಬರುತ್ತಿತ್ತು, 1400 ಬೈಟ್‌ನ ಪಿಂಗ್ ಮಾತ್ರ ಕೈಕೊಡುತ್ತಿತ್ತು. ಎರಡು ದಿನ ಫೈ ಮತ್ತು ಕೇಬಲ್ ಮೇಲೆ ಅನುಮಾನ ಪಟ್ಟೆ. ಕೊನೆಗೆ ಎರಡೂ ಕಡೆಯ ಬೈಟ್‌ಗಳನ್ನು ಪಕ್ಕಪಕ್ಕ ಇಟ್ಟು ನೋಡಿದೆ. ಕೆಟ್ಟ ಭಾಗ ಪ್ರತಿ ಸಲವೂ 32ರ ಗಡಿಯಲ್ಲಿ ಶುರುವಾಗಿ 32ರ ಗಡಿಯಲ್ಲೇ ಮುಗಿಯುತ್ತಿತ್ತು. ಕ್ಯಾಶ್ ಸಾಲಿನ ಅಳತೆ 32 ಬೈಟ್. ಮ್ಯಾಪ್ ಮಾಡುವಾಗ ನಾನು ತಪ್ಪು ಉದ್ದ ಕೊಟ್ಟಿದ್ದೆ. ಕೆಟ್ಟ ದತ್ತಾಂಶ ಹೀಗೆ ಅಚ್ಚುಕಟ್ಟಾದ ತುಂಡುಗಳಲ್ಲಿ ಬಂದರೆ ಕೇಬಲ್ ಬಿಟ್ಟು ಕ್ಯಾಶ್ ನೋಡಿ.

ನಿಯಮ ಇಷ್ಟು. ಪ್ಯಾಕೆಟ್ ಬಫರ್‌ಗಳಿಗೆ ‘ಡಿಎಂಎ_ಮ್ಯಾಪ್_ಸಿಂಗಲ್’ ಬಳಸಿ, ದಿಕ್ಕು ಸರಿಯಾಗಿ ಕೊಡಿ, ಅನ್‌ಮ್ಯಾಪ್ ಮಾಡುವವರೆಗೆ ಒಳಗೆ ಇಣುಕಬೇಡಿ. ಡಿಸ್ಕ್ರಿಪ್ಟರ್‌ಗಳಿಗೆ (ಬಫರ್ ಎಲ್ಲಿದೆ, ಎಷ್ಟು ಉದ್ದ ಎಂದು ಡಿಎಂಎಗೆ ಹೇಳುವ ಚೀಟಿಗಳು) ‘ಡಿಎಂಎ_ಅಲಾಕ್_ಕೊಹಿರೆಂಟ್’. ಡಿಸ್ಕ್ರಿಪ್ಟರ್ ತುಂಬಿ ‘ಇನ್ನು ನಿನ್ನದು’ ಎನ್ನುವ ಬಿಟ್ ಏರಿಸುವ ಮೊದಲು ‘ಡಿಎಂಎ_ಡಬ್ಲ್ಯೂಎಂಬಿ’ ಹಾಕಿ. ಕರ್ನಲ್ ಕಾನ್ಫಿಗ್‌ನಲ್ಲಿ ಡಿಎಂಎ ಎಪಿಐ ಡೀಬಗ್ ಆನ್ ಇಟ್ಟರೆ ಅರ್ಧ ತಪ್ಪುಗಳನ್ನು ಅದೇ ಬಯಲಿಗೆಳೆಯುತ್ತದೆ.

8. ಫೈ ಮತ್ತು ಆ 2 ನ್ಯಾನೋಸೆಕೆಂಡ್

ಫೈ ನಿಭಾಯಿಸುವ ಕೋಡ್ ನೀವೇ ಬರೆಯಬೇಡಿ. ಎಂಡಿಐಒ ಓದುವ, ಬರೆಯುವ ಎರಡು ಫಂಕ್ಷನ್ ಕೊಟ್ಟು ಉಳಿದದ್ದನ್ನು ಕರ್ನಲ್‌ನ ಫೈಲಿಂಕ್‌ಗೆ ಬಿಡಿ.

ಮ್ಯಾಕ್ ಮತ್ತು ಫೈ ನಡುವೆ ಆರ್‌ಜಿಎಂಐಐ ಎಂಬ ಜೋಡಣೆ ಬಳಸುತ್ತಿದ್ದರೆ ಕ್ಲಾಕ್ ಮತ್ತು ದತ್ತಾಂಶದ ನಡುವೆ ಸುಮಾರು 2 ನ್ಯಾನೋಸೆಕೆಂಡ್ ಅಂತರ ಬೇಕು. ಅದನ್ನು ಫೈ ಕೊಡಬೇಕಾದರೆ ಫೈ-ಮೋಡ್ ‘ಆರ್‌ಜಿಎಂಐಐ-ಐಡಿ’. ಎಫ್‌ಪಿಜಿಎ ಕಡೆಯೂ ಕೊಟ್ಟು ಫೈ ಕಡೆಯೂ ಕೊಟ್ಟರೆ, ಅಥವಾ ಇಬ್ಬರೂ ಕೊಡದಿದ್ದರೆ, ಲಿಂಕ್ ಮೇಲೇಳುತ್ತದೆ ಆದರೆ ಸಿಆರ್‌ಸಿ (ಫ್ರೇಮ್ ಕೊನೆಯಲ್ಲಿನ ತಪ್ಪು ಪತ್ತೆಯ ಸಂಖ್ಯೆ) ದೋಷಗಳ ಸುರಿಮಳೆ. 100 ಎಂಬಿಪಿಎಸ್‌ನಲ್ಲಿ ಸರಿಯಾಗಿದ್ದು ಗಿಗಾಬಿಟ್‌ನಲ್ಲಿ ಮಾತ್ರ ಕೆಟ್ಟರೆ ಮೊದಲ ಅನುಮಾನ ಇದರ ಮೇಲೆ. ಗಿಗಾಬಿಟ್‌ನಲ್ಲಿ ಕ್ಲಾಕ್ 125 ಮೆಗಾಹರ್ಟ್ಜ್, 100ರಲ್ಲಿ ಬರೀ 25. ನಿಧಾನದಲ್ಲಿ ತಪ್ಪು ಮುಚ್ಚಿಹೋಗುತ್ತದೆ.

9. ಎಷ್ಟು ವೇಗ ನಿರೀಕ್ಷಿಸಬೇಕು?

ಲೆಕ್ಕ ಹಾಕಿ ನೋಡೋಣ. 1518 ಬೈಟ್‌ನ ಪೂರ್ತಿ ಫ್ರೇಮ್‌ಗೆ ಅದರ ಮೊದಲು ಹೋಗುವ 8 ಬೈಟ್, ಎರಡು ಫ್ರೇಮ್‌ಗಳ ನಡುವಿನ ಖಾಲಿ 12 ಬೈಟ್ ಸೇರಿಸಿದರೆ ತಂತಿಯ ಮೇಲೆ 1538. ಗಿಗಾಬಿಟ್‌ನಲ್ಲಿ ಸೆಕೆಂಡಿಗೆ ಸುಮಾರು 81,000 ಫ್ರೇಮ್. ಪ್ರೊಸೆಸರ್ 100 ಮೆಗಾಹರ್ಟ್ಜ್ ಆದರೆ ಒಂದು ಫ್ರೇಮ್‌ಗೆ ಸಿಗುವುದು 1,230 ಸೈಕಲ್. ಅತಿ ಚಿಕ್ಕ ಫ್ರೇಮ್‌ಗಳಾದರೆ 67 ಸೈಕಲ್, ಅಷ್ಟರಲ್ಲಿ ಇಂಟರಪ್ಟ್ ಹ್ಯಾಂಡ್ಲರ್ ಒಳಗೆ ಹೋಗುವುದೂ ಕಷ್ಟ. ಪ್ರೊಸೆಸರ್‌ನಿಂದ ನಕಲು ಮಾಡಿಸಿದರೆ, ಸಿಆರ್‌ಸಿಯ 4 ಬೈಟ್ ಬಿಟ್ಟು ಉಳಿದ 1514 ಬೈಟ್‌ಗೆ 379 ಸಲ ಬಸ್ ಓದಬೇಕು. ಒಂದು ಓದಿಗೆ 10 ಸೈಕಲ್ ಎಂದು ಹಿಡಿದರೂ 3,790. ಗಿಗಾಬಿಟ್ ಕನಸು ಅಲ್ಲೇ ಮುಗಿಯಿತು. 100 ಎಂಬಿಪಿಎಸ್‌ನಲ್ಲಿ ಫ್ರೇಮ್‌ಗೆ 12,300 ಸೈಕಲ್ ಸಿಗುತ್ತದೆ, ಪರವಾಗಿಲ್ಲ.

ಡಿಎಂಎ ಹಾಕಿದ ಮೇಲೂ ಟಿಸಿಪಿ ಚೆಕ್‌ಸಮ್ ಪ್ರತಿ ಬೈಟ್ ಮುಟ್ಟುತ್ತದೆ. ಮ್ಯಾಕ್‌ನಲ್ಲಿ ಚೆಕ್‌ಸಮ್ ಲೆಕ್ಕ ಹಾಕುವ ಆಯ್ಕೆ ಇದ್ದರೆ ಅದಕ್ಕೆ ಲಾಜಿಕ್ ಖರ್ಚು ಮಾಡಿ. ಇಂಥ ಪುಟ್ಟ ಪ್ರೊಸೆಸರ್‌ಗೆ ಡ್ರೈವರ್ ಕೋಡ್ ಉಜ್ಜಿ ಉಜ್ಜಿ ಹೊಳಪು ಕೊಡುವುದಕ್ಕಿಂತ ಅದು ಜಾಸ್ತಿ ಫಲ ಕೊಡುತ್ತದೆ.

10. ಪರೀಕ್ಷೆ, ಆಮೇಲೆ ಮೇನ್‌ಲೈನ್

ಬರೀ ಪಿಂಗ್ ಬಂತು ಎಂದು ನಿಲ್ಲಿಸಬೇಡಿ. 1 ಬೈಟ್‌ನಿಂದ 1472 ಬೈಟ್‌ವರೆಗೆ ಒಂದೊಂದೇ ಬೈಟ್ ಏರಿಸುತ್ತಾ ಪಿಂಗ್ ಮಾಡುವ ಸ್ಕ್ರಿಪ್ಟ್ ಬರೆಯಿರಿ. ಅಲೈನ್‌ಮೆಂಟ್ ಮತ್ತು ಕ್ಯಾಶ್ ತಪ್ಪುಗಳು ಇಲ್ಲಿ ಸಿಕ್ಕಿಬೀಳುತ್ತವೆ. ಆಮೇಲೆ ದೊಡ್ಡ ಕಡತ ಕಳಿಸಿ, ತರಿಸಿ, ಎರಡೂ ಕಡೆ ಎಂಡಿ5 ಹೋಲಿಸಿ. ಐಪರ್ಫ್3 ಅನ್ನು ರಾತ್ರಿಯಿಡೀ ಓಡಿಸಿ. ಉತ್ತರವೇ ಬರದಿದ್ದರೆ ಎದುರಿನ ಕಂಪ್ಯೂಟರ್‌ನಲ್ಲಿ ಟಿಸಿಪಿಡಂಪ್ ಹಾಕಿ. ಎಆರ್‌ಪಿ ಪ್ರಶ್ನೆ ಅಲ್ಲಿ ಕಂಡರೆ ಕಳಿಸುವ ಅರ್ಧ ಸರಿಯಿದೆ. ಬೋರ್ಡ್ ಕಡೆ ಪ್ರೊಕ್-ಎಫ್‌ಎಸ್‌ನ ಇಂಟರಪ್ಟ್ ಎಣಿಕೆ ಏರುತ್ತಿದೆಯಾ ನೋಡಿ. ಏರದಿದ್ದರೆ ಮೂರನೇ ಮೆಟ್ಟಿಲಿಗೆ ವಾಪಸ್. ಸೆಕೆಂಡಿಗೆ ಲಕ್ಷಗಟ್ಟಲೆ ಏರಿದರೆ ಹ್ಯಾಂಡ್ಲರ್ ಇಂಟರಪ್ಟ್ ಮುಚ್ಚುತ್ತಿಲ್ಲ.

ಎಲ್ಲ ಸರಿ ಹೋದ ಮೇಲೆ ಮೇನ್‌ಲೈನ್‌ಗೆ, ಅಂದರೆ ಲಿನಕ್ಸ್‌ನ ಅಧಿಕೃತ ಮೂಲಕ್ಕೆ, ಕಳಿಸಿ. ಇಲ್ಲದಿದ್ದರೆ ಪ್ರತಿ ಹೊಸ ಕರ್ನಲ್ ಬಂದಾಗಲೂ ಕೆಲಸ ನಿಮ್ಮ ತಲೆಗೇ. ಡಿವೈಸ್ ಟ್ರೀ ವಿವರಣೆ ಯಾಮಲ್ ಕಡತವಾಗಿ ಬೇರೆ ಪ್ಯಾಚ್ ಆಗಲಿ, ಡ್ರೈವರ್ ಅದರ ನಂತರದ ಪ್ಯಾಚ್. ಚೆಕ್‌ಪ್ಯಾಚ್ ಓಡಿಸಿ, ಯಾರಿಗೆ ಕಳಿಸಬೇಕೆಂದು ಗೆಟ್-ಮೇಂಟೇನರ್ ಸ್ಕ್ರಿಪ್ಟ್ ಹೇಳುತ್ತದೆ. ನೆಟ್‌ವರ್ಕಿಂಗ್‌ನವರಿಗೆ ಒಂದು ವಿಶೇಷ ಅಭ್ಯಾಸ ಇದೆ: ಫಂಕ್ಷನ್ ಒಳಗಿನ ವೇರಿಯಬಲ್ ಘೋಷಣೆಗಳು ಉದ್ದದ ಸಾಲಿನಿಂದ ಗಿಡ್ಡ ಸಾಲಿಗೆ ಇಳಿದು ಬರಬೇಕು. ಸುಮ್ನೆ ಪಾಲಿಸಿ, ವಾದ ಬೇಡ. ಹೊಸ ಡ್ರೈವರ್ ‘ನೆಟ್-ನೆಕ್ಸ್ಟ್’ಗೆ (ಮುಂದಿನ ಕರ್ನಲ್‌ನ ನೆಟ್‌ವರ್ಕ್ ಕೋಡ್ ಕೂಡಿಡುವ ಜಾಗ) ಹೋಗಬೇಕು. ಮರ್ಜ್ ವಿಂಡೋ (ಮುಂದಿನ ಕರ್ನಲ್‌ಗೆ ಹೊಸ ಕೋಡ್ ಸೇರಿಸಿಕೊಳ್ಳುವ ಅವಧಿ) ಇರುವ ಸುಮಾರು ಎರಡು ವಾರ ಅದು ಮುಚ್ಚಿರುತ್ತದೆ. ತಿದ್ದುಪಡಿ ಹೇಳಿದರೆಂದು ಅದೇ ಗಂಟೆಯಲ್ಲಿ ಎರಡನೇ ಆವೃತ್ತಿ ಕಳಿಸಬೇಡಿ. ಕನಿಷ್ಠ 24 ಗಂಟೆ ಬಿಟ್ಟು ಕಳಿಸುವುದು ಅಲ್ಲಿನ ನಿಯಮ, ಅಷ್ಟರಲ್ಲಿ ಇನ್ನಿಬ್ಬರ ಅಭಿಪ್ರಾಯವೂ ಬಂದಿರುತ್ತದೆ.